ಮಾವನ ಎದುರು ಮೂರೆಲೆ

ಕಿರಣಾ, ಶ್ವೇತಾ, ಮೊನ್ನೆ ನೀವಿಬ್ಬರೂ ಇಸ್ಪೀಟು ಹರಡಿಕೊಂಡು ಕೂತಿದ್ದಾಗ "ಅಜ್ಜೀ, ನಿಂಗೆ ಇದೆಲ್ಲ ಗೊತ್ತಾಗಲ್ಲ ಬಿಡು" ಅಂದಿರಲ್ಲ, ನಾನು ಸುಮ್ಮನೆ ಅವರೆಕಾಯಿ ಸುಲಿಯುತ್ತಾ ಕೂತೆ. ಸುಮ್ಮನಿರುವುದು ನನ್ನ ಹುಟ್ಟುಗುಣ. ಶಾಲೆಯಲ್ಲಿ ಮೇಷ್ಟರು ಹಾಜರಿ ಕೂಗಿದಾಗ ಬಾಯಿ ಬಿಡಲು ನಾಚಿಕೆಯಾಗಿ, ಅವರ ಕಣ್ಣೆದುರೇ ಕೂತು ಗೈರುಹಾಜರಿ ಹಾಕಿಸಿಕೊಂಡವಳು ನಾನು. "ಈ ನಾಚ್ಕೆ ಇಟ್ಕೊಂಡು ಇವ್ಳು ಎಲ್ಲಿ ಬಾಳ್ತಾಳೋ" ಎಂದು ನನ್ನವ್ವ ಕೊರಗುತ್ತಿದ್ದಳು. ಇಸ್ಪೀಟಿನಲ್ಲಿ ಬಾಳುತ್ತಾಳೆ ಅಂತ ಪಾಪ ಅವಳಿಗೇನು ಗೊತ್ತು.

ನಾನು ಹುಣಸೂರಿನ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದ ಹೊಸತು. ಅರವತ್ತರ ದಶಕದ ಕೊನೆಯಿರಬೇಕು. ಆಗ ಸೊಸೆಯಾದವಳು ಮಾವನೊಡನೆ ಮಾತಾಡುವುದಿರಲಿ, ಮಾವನ ಎದುರಿಗೆ ಗಂಡನೊಡನೆಯೂ ಮಾತಾಡುತ್ತಿರಲಿಲ್ಲ. ಮಾವ ನನಗೆ ಹೇಳಬೇಕಾದ್ದನ್ನೆಲ್ಲ ನಡುಮನೆಯ ಕಂಬಕ್ಕೆ ಹೇಳುತ್ತಿದ್ದರು. "ಈ ಮನೇಲಿ ಕುಡಿಯಾಕೆ ನೀರು ಸಿಕ್ತದಾ?" ಎಂದು ಅವರು ಕಂಬವನ್ನು ಕೇಳಿದರೆ ನಾನು ಚೊಂಬು ತಂದು ಕಂಬದ ಬುಡದಲ್ಲಿ ಇಟ್ಟು ಓಡುತ್ತಿದ್ದೆ. ಹೊಸಬರು ಯಾರಾದರೂ ನೋಡಿದ್ದರೆ ನಮ್ಮ ಮನೆಯ ಯಜಮಾನ ಕಂಬವೇ ಎಂದುಕೊಳ್ಳಬೇಕು.

ಆ ಸಲ ಯುಗಾದಿಯ ಹೊತ್ತಿಗೆ ಅಂತರಸಂತೆಯಲ್ಲಿ, ನನ್ನ ತವರಿನಲ್ಲಿ, ಅಕ್ಕನಿಗೆ ಚೊಚ್ಚಲ ಹೆರಿಗೆಯಾಗಿತ್ತು. ಮಗುವಿಗೆ ಹೆಸರಿಡುವ ದಿನ ಹತ್ತಿರ ಬಂದಿತ್ತು. ಹೋಗಲೇಬೇಕೆಂದು ನನ್ನ ಜೀವ ಹೊಡೆದುಕೊಳ್ಳುತ್ತಿತ್ತು. ಅತ್ತೆ ನನ್ನ ಪರವಾಗಿ ಕೇಳಿದ್ದಕ್ಕೆ ಮಾವ ಕಂಬಕ್ಕೆ ಉತ್ತರ ಕೊಟ್ಟರು: "ಹೊಗೆಸೊಪ್ಪಿನ ಸಸಿಮಡಿಗೆ ಎಲ್ಡೊತ್ತೂ ನೀರು ಹಾಕೋರು ಯಾರು?" ಅಲ್ಲಿಗೆ ಮುಗಿಯಿತು. ನಾನು ಬಿಂದಿಗೆ ಹೊತ್ತು ಸಸಿಗಳ ಮೇಲೆ ನೀರನ್ನೂ ಕಣ್ಣೀರನ್ನೂ ಒಟ್ಟಿಗೇ ಚಿಮುಕಿಸಿದೆ. ಆ ವರ್ಷ ಸಸಿ ಚೆನ್ನಾಗಿ ಬಂತು.

ಯುಗಾದಿಯ ಮಾರನೆಯ ದಿನ ವರ್ಷತೊಡಕು. ಬಾಡೂಟ ಮುಗಿದ ಮೇಲೆ ಇಸ್ಪೀಟು ಹಾಕದ ಮನೆ ನಮ್ಮ ಸೀಮೆಯಲ್ಲಿ ಇರಲಿಲ್ಲ. ನನ್ನ ಮೈದುನ ಶಿವಣ್ಣ ಕೊಡಗಿನ ಕಾಫಿ ತೋಟಗಳಿಗೆ ಲಾರಿ ಓಡಿಸುತ್ತಿದ್ದ. ಅಲ್ಲಿ ಸಾಹೇಬರು ಆಡುವ ಪಂದ್ಯವನ್ನು ಕಿಟಕಿಯಲ್ಲಿ ನೋಡಿ ಬಂದಿದ್ದವನು ಆ ದಿನ ಹೊಸ ಕಾನೂನು ತಂದ. ಎಲ್ಲರಿಗೂ ಸಮನಾಗಿ ಹುಣಸೆಬೀಜ. ಕೈಗೆ ಮೂರು ಮೂರು ಎಲೆ. ಎಲೆಯ ಮೇಲೆ ಧೈರ್ಯವಿದ್ದವರು ನಡುವಿಗೆ ಬೀಜ ತಳ್ಳುತ್ತಾ ಹೋಗಬೇಕು, ಇಲ್ಲದವರು "ಬಿಟ್ಟೆ" ಅನ್ನಬೇಕು, ಅನುಮಾನ ಬಂದವರು "ತೋರ್ಸು" ಅನ್ನಬೇಕು. ಬೀಜ ಮುಗಿದವರು ಎದ್ದು ಹೋಗಬೇಕು. ಊಟ ಗಡದ್ದಾಗಿದ್ದ ಮಾವ ಹುರುಪಿನಲ್ಲಿ, "ಕೊನೇಗೆ ಉಳಿದೋರು ಏನ್ ಕೇಳಿದ್ರೂ ನಡೆಸ್ಕೊಡ್ತೀನಿ ಕಣ್ರಲಾ" ಎಂದುಬಿಟ್ಟರು. ಅತ್ತೆ ನನ್ನ ತೋಳು ಹಿಡಿದು ಎಳೆದು ಚಾಪೆಯ ತುದಿಯಲ್ಲಿ ಕೂರಿಸಿದರು.

ನಾನು ಸೆರಗು ಹಣೆಗೆ ಎಳೆದುಕೊಂಡು, ಅರ್ಧ ಮೈ ಅಡುಗೆಮನೆಯ ಬಾಗಿಲೊಳಗೇ ಇಟ್ಟುಕೊಂಡು ಆಡಿದೆ. ಹೇಳಬೇಕಾದ್ದನ್ನು ಅತ್ತೆಯ ಕಿವಿಗೆ ಉಸುರುತ್ತಿದ್ದೆ, ಅವರು "ನನ್ ಸೊಸೆ ಬಿಟ್ಲಂತೆ" ಎಂದು ಸಾರುತ್ತಿದ್ದರು. ಮೊದಲು ಎದ್ದವರು ನಿಮ್ಮ ತಾತ. ಒಳ್ಳೆಯ ಎಲೆ ಬಂದರೆ ಅವರು ಮೀಸೆ ತಿರುವುತ್ತಿದ್ದರು, ಕೆಟ್ಟ ಎಲೆ ಬಂದರೆ ಇನ್ನೂ ಜೋರಾಗಿ ತಿರುವುತ್ತಿದ್ದರು. ಊರಿಗೆಲ್ಲ ತಿಳಿಯುತ್ತಿತ್ತು. ಆಮೇಲೆ ಶಿವಣ್ಣ, ಅವನ ಹಿಂದೆ ಅತ್ತೆ. ಉಳಿದವರು ನಾನು ಮತ್ತು ಮಾವ!

ಅತ್ತೆ ನನ್ನ ಪಕ್ಕ ಸರಿದರೆ ಶಿವಣ್ಣ ಬಿಟ್ಟಾನೆಯೇ? "ಅವ್ವಾ, ಸೋತೋರು ತುಟಿ ಬಿಚ್ಚಂಗಿಲ್ಲ. ಇನ್ ಅವರವರ ಬಾಯಲ್ಲೇ ಹೇಳ್ಬೇಕು."

ನನ್ನ ಎಲೆ ನೋಡಿದೆ. ಎರಡು, ಐದು, ಒಂಬತ್ತು. ಒಂದಕ್ಕೊಂದು ನೆಂಟಸ್ತಿಕೆಯಿಲ್ಲ. "ಬಿಟ್ಟೆ" ಅನ್ನಲು ಬಾಯಿ ತೆರೆದೆ. ಎದುರಿಗೆ ಮಾವ ಕೂತಿದ್ದಾರೆ, ದನಿ ಹೊರಡಲಿಲ್ಲ. "ತೋರಿಸಿ" ಅನ್ನೋಣವೆಂದರೆ ಅದಂತೂ ಆಗದ ಮಾತು. ಬಾಯಿಲ್ಲದೆ ಮಾಡಬಹುದಾದ ಕೆಲಸ ಒಂದೇ, ಬೀಜ ತಳ್ಳುವುದು. ತಳ್ಳಿದೆ. ಮಾವನೂ ತಳ್ಳಿದರು. ಮತ್ತೆ ತಳ್ಳಿದೆ. ನಾಚಿಕೆಯಲ್ಲಿ ಲೆಕ್ಕ ತಪ್ಪಿ ಒಂದು ಹಿಡಿ ಬದಲು ಎರಡು ಹಿಡಿ ಬಿತ್ತು.

"ಅಯ್ಯಯ್ಯೋ, ಅತ್ತಿಗೆ ಮನೇನೇ ಬರೆಸ್ಕೊಳಂಗವ್ಳೆ!" ಎಂದ ಶಿವಣ್ಣ.

"ಸೋತೋರು ತುಟಿ ಬಿಚ್ಚಂಗಿಲ್ಲ ಕಣ್ಲಾ" ಎಂದರು ಅತ್ತೆ.

ಮಾವನ ಮುಂದೆ ಒಂದಿಷ್ಟೇ ಬೀಜ ಉಳಿದಿದ್ದವು. ನನ್ನಷ್ಟು ತಳ್ಳಲು ಅವು ಸಾಲವು, ಇನ್ನು "ತೋರ್ಸು" ಅನ್ನಬೇಕು, ಇಲ್ಲವೇ "ಬಿಟ್ಟೆ" ಅನ್ನಬೇಕು. ಅವರು ತಮ್ಮ ಎಲೆ ನೋಡಿದರು, ಗಂಟಲು ಸರಿಮಾಡಿಕೊಂಡರು, ಕಂಬದ ಕಡೆ ತಿರುಗಿದರು, ಮತ್ತೆ ಎಲೆ ನೋಡಿದರು. ಕೊನೆಗೆ "ಥೂ, ಬಿಟ್ಟೆ ಕಣ್ರಲಾ, ಪಂದ್ಯ ಮುಗೀತು" ಎಂದು ಎಲೆ ಬೋರಲು ಹಾಕಿ, ಉಳಿದ ಬೀಜವನ್ನೂ ನನ್ನ ಕಡೆ ತಳ್ಳಿ, ಟವೆಲ್ ಕೊಡವಿಕೊಂಡು ಕೊಟ್ಟಿಗೆಗೆ ನಡೆದರು.

ನನ್ನ ಬೇಡಿಕೆ ಅತ್ತೆಯ ಮೂಲಕ ಕೊಟ್ಟಿಗೆ ತಲುಪಿತು. "ಸಸಿಮಡಿ?" ಎಂಬ ಪ್ರಶ್ನೆ ಬಂತು. "ಸೋತೋರು ನೀರು ಹಾಕ್ತಾರೆ ಬುಡಿ" ಎಂದರು ಅತ್ತೆ. ನಿಮ್ಮ ತಾತ, ಶಿವಣ್ಣ ಬಿಂದಿಗೆ ಹೊತ್ತರು. ನಾನು ಅಂತರಸಂತೆಯ ದಾರಿಯ ಕೋಟೆ ಬಸ್ಸು ಹತ್ತಿ ತವರು ಸೇರಿದೆ, ಹೆಸರಿಡುವ ಹೊತ್ತಿಗೆ ಮಗು ನನ್ನ ಮಡಿಲಲ್ಲೇ ಇತ್ತು.

ಮಡಿಲಲ್ಲಿ ಮಗು ಇದ್ದರೂ ನನ್ನ ಬಾಯಿ ಮಾತ್ರ ಇಸ್ಪೀಟಿನ ಮೇಲೇ. ಹುಟ್ಟಿದಾಗಿನಿಂದ ಮಾತಾಡದವಳು ಅಲ್ಲಿ ಅಣ್ಣಂದಿರನ್ನೆಲ್ಲ ಕೂರಿಸಿಕೊಂಡು ಪಾಠ ಹೇಳಿದೆ. "ಎದುರಾಳಿಯ ಮನಸ್ಸು ಓದಬೇಕು. ಮುಖ ಕಲ್ಲಿನ ಹಾಗಿರಬೇಕು. ಧೈರ್ಯ ಬೇಕು ಕಣ್ರೋ, ಧೈರ್ಯ!" ಅವರು ಬೆರಗಾಗಿ ಕೇಳಿದರು. ಆಮೇಲೆ ನನ್ನೊಂದಿಗೆ ಆಡಿ ನನ್ನ ಬೀಜವನ್ನೆಲ್ಲ ಬಾಚಿಕೊಂಡರು. ಅದು ಅವರ ಅದೃಷ್ಟ ಎಂದೆ.

ವಾಪಸು ಬಂದ ಮೇಲೆ ರಾಗಿ ಬೀಸುತ್ತಾ ಅತ್ತೆಯ ಮುಂದೆಯೂ ನನ್ನ ಧೈರ್ಯದ ಮಾತು ತೆಗೆದೆ. ಅವರು ಬೀಸುವುದು ನಿಲ್ಲಿಸಿ ನನ್ನ ಮುಖ ನೋಡಿದರು.

"ನಿಮ್ ಮಾವನ ಕೈಲಿ ಮೂರು ರಾಜ ಇದ್ವು ಕಣವ್ವ. ಎಲೆ ಎತ್ತಿಡೋವಾಗ ನಾನೇ ನೋಡ್ದೆ."

"ಮತ್ತೆ ಯಾಕೆ ಬಿಟ್ರು?"

"ಸೊಸೆ ಮಕ ನೋಡಿ ತೋರ್ಸು ಅಂತ ಎಂಗೆ ಕೇಳಾದು? ಕಂಬನ ಕೇಳೋಣ ಅಂದ್ರೆ ಕಂಬದ ತಾವ ಎಲೆ ಇರ್ನಿಲ್ಲ. ನಾಚ್ಕೊಂಡು ಬುಟ್ಟ್ರು."

ಊರಿಗೇ ಹೆಸರಾದ ನನ್ನ ನಾಚಿಕೆಯನ್ನು ಮೀರಿಸಿದವರು ಎದುರಿಗೇ ಕೂತಿದ್ದರು, ನನಗೆ ತಿಳಿದಿರಲಿಲ್ಲ.

ಮಕ್ಕಳೇ, ಈ ಹಾಳೆಗಳನ್ನು ಮಡಿಸಿ ಪೆಟ್ಟಿಗೆಯ ತಳದಲ್ಲಿ ಭದ್ರವಾಗಿ ಇಡಿ, ಜಿರಳೆಗೆ ಸಿಗದಂತೆ ನೋಡಿಕೊಳ್ಳಿ. ಅಂತರಸಂತೆಯವರು ಬಂದಾಗ ಓದಿ ಹೇಳುವುದಾದರೆ ಮಾವ ಎದ್ದು ಕೊಟ್ಟಿಗೆಗೆ ಹೋದರಲ್ಲ, ಅಲ್ಲಿಗೆ ನಿಲ್ಲಿಸಿ. ತವರಿನಲ್ಲಿ ನಾನು ಇವತ್ತಿಗೂ ದೊಡ್ಡ ಆಟಗಾರ್ತಿ.