ನಮ್ಮ ಮನೆಯ ತ್ರಿಸದಸ್ಯ ಪೀಠ

ನನ್ನ ದೊಡ್ಡಪ್ಪ ನಿವೃತ್ತರಾಗಿ ಹದಿನೈದು ವರ್ಷವಾಯಿತೆಂದು ಸರ್ಕಾರ ನಂಬಿದೆ. ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ಮೊದಲು ಹೈಕೋರ್ಟಿನಲ್ಲಿ, ಆಮೇಲೆ ದಿಲ್ಲಿಗೆ ಹೋಗಿ ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ತೀರ್ಪು ಕೊಟ್ಟು ಬಂದವರು. ಈಗ ಕರಿ ಕೋಟಿನ ಬದಲು ಪಂಚೆ ಉಡುತ್ತಾರೆ, ಅಷ್ಟೇ ವ್ಯತ್ಯಾಸ. ಅಪ್ಪ ಹೋದ ಮೇಲೆ ನಾನು ಅವರ ಜೊತೆಗೇ ಇರುವುದರಿಂದ ಖಾಯಂ ಅರ್ಜಿದಾರಳು ನಾನೇ.

ಹಿಂದೆ ತೀರ್ಮಾನವಾದದ್ದನ್ನು ಕದಲಿಸಬಾರದು ಎನ್ನುವುದು ಅವರ ಸಿದ್ಧಾಂತ. ಸಾರಿಗೆ ಬೆಳ್ಳುಳ್ಳಿಯೇ? ಅದು ಮುತ್ತಜ್ಜನ ಕಾಲದಲ್ಲೇ ವಜಾ ಆಗಿದೆ. ಒಮ್ಮೆ ನಾನು ಮಿಕ್ಸಿ ತಂದೆ. ತಕ್ಷಣ ಮಧ್ಯಂತರ ತಡೆಯಾಜ್ಞೆ! ಏಳು ವರ್ಷ ಮಿಕ್ಸಿ ಪೆಟ್ಟಿಗೆಯಲ್ಲೇ ಕೂತಿತು, ದೊಡ್ಡಮ್ಮ ಒರಳಿನಲ್ಲೇ ರುಬ್ಬಿದರು. ಕೊನೆಗೆ ದೊಡ್ಡಮ್ಮನ ಭುಜ ಹಿಡಿದುಕೊಂಡಾಗ ದೊಡ್ಡಪ್ಪ ಅರ್ಜಿಯನ್ನು ಪುರಸ್ಕರಿಸಿದರು, ಹಬ್ಬದ ದಿನ ಮಾತ್ರ ಒರಳೇ ಆಗಬೇಕೆಂಬ ಷರತ್ತಿನೊಡನೆ.

ಬೀದಿಯಲ್ಲೂ ಇದೇ ಗೋಳು. ಒಂದು ದಿನ ಆಟೊದವನು, "ಈ ರಸ್ತೆ ಒನ್‌ವೇ ಮಾಡ್ಬುಟ್ಟವ್ರೆ ಸಾರ್, ಸುತ್ಕೊಂಡ್ ಹೋಗ್ಬೇಕು" ಎಂದ.

"ಯಾರ ಆದೇಶ? ಪ್ರತಿ ಇದೆಯೇನಪ್ಪ?" ಎಂದರು ದೊಡ್ಡಪ್ಪ. ಆಟೊದವನು ಆದೇಶದ ಪ್ರತಿ ಇಟ್ಟುಕೊಂಡು ಓಡಾಡುತ್ತಾನೆಯೇ? ಅವತ್ತು ನಾವು ನಡೆದೇ ಮನೆಗೆ ಬಂದೆವು.

ಮೊನ್ನೆ ಅವರ ಎಂಬತ್ತರ ಶಾಂತಿಗೆ ಪಟ್ಟಿ ಬರೆಯುತ್ತಿದ್ದ ಪುರೋಹಿತರು, "ಆರತಿಗೆ ತಂಗಿ ಬರ್ತಾರಲ್ವೆ?" ಎಂದು ಕೇಳಿಬಿಟ್ಟರು.

ದೊಡ್ಡಪ್ಪನಿಗೆ ಇರುವುದು ಒಬ್ಬಳೇ ತಂಗಿ, ನನ್ನ ಅತ್ತೆ. ನಲವತ್ತೈದು ವರ್ಷದ ಹಿಂದೆ ಲಿಂಗಾಯತರ ಹುಡುಗನನ್ನು ಮದುವೆಯಾದರು. ಅವರು ಈ ಮನೆಯ ಹೊಸ್ತಿಲು ತುಳಿಯಕೂಡದೆಂದು ಅಜ್ಜಿ ಮತ್ತು ದೊಡ್ಡಪ್ಪ ಕೂತು ತೀರ್ಮಾನಿಸಿದರು. ದೊಡ್ಡಪ್ಪ ಆಗಿನ್ನೂ ವಕೀಲರು, ಮನೆಯಲ್ಲಿ ಮಾತ್ರ ಆಗಲೇ ನ್ಯಾಯಾಧೀಶರು. ಅತ್ತೆ ಇರುವುದು ಇಲ್ಲೇ ಹಿನಕಲ್‌ನಲ್ಲಿ. ನಾನು ಹೋಗಿ ಬರುತ್ತಿರುತ್ತೇನೆ, ಅವರು ಒಮ್ಮೆಯೂ ಬಂದಿಲ್ಲ.

"ಕರೆಯೋಣ ದೊಡ್ಡಪ್ಪ" ಎಂದೆ.

"ನನ್ನ ಕೈಲಿಲ್ಲ ಕಣಮ್ಮ. ಇಬ್ಬರು ಕೂತು ಕೊಟ್ಟ ತೀರ್ಪನ್ನ ಒಬ್ಬ ರದ್ದು ಮಾಡೋಕೆ ಬರಲ್ಲ. ಮೂರು ಜನದ ಪೀಠ ಬೇಕು."

"ಅಜ್ಜಿ ಹೋಗಿ ಇಪ್ಪತ್ತು ವರ್ಷ ಆಯ್ತಲ್ಲ?"

"ನ್ಯಾಯಾಧೀಶರು ಹೋದ್ರೆ ತೀರ್ಪೂ ಹೋಗುತ್ತೇನು?"

ಇಂಥವರ ಹತ್ತಿರ ಏನು ವಾದ ಮಾಡುವುದು? ಅಷ್ಟರಲ್ಲಿ ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಅವರ ಪಕ್ಕದ ಕುರ್ಚಿಯಲ್ಲಿ ಕೂತರು. ಐವತ್ತು ವರ್ಷದ ಸಂಸಾರದಲ್ಲಿ ಅವರ ಅಭಿಪ್ರಾಯವನ್ನು ಯಾರೂ ಕೇಳಿದ್ದಿಲ್ಲ.

"ನೀವು, ನಾನು, ಇವಳು. ಮೂರು ಜನ ಆಯ್ತಲ್ರೀ, ಶುರು ಮಾಡಿ" ಎಂದರು.

ಪುರೋಹಿತರು ಪೆನ್ನಿಗೆ ಕ್ಯಾಪ್ ಹಾಕಿ ಆರಾಮವಾಗಿ ಒರಗಿಕೊಂಡರು. ದೊಡ್ಡಪ್ಪ ತಬ್ಬಿಬ್ಬಾದರೂ ಪದ್ಧತಿ ಬಿಡಲಿಲ್ಲ. "ಕಿರಿಯರು ಮೊದಲು ಹೇಳಲಿ" ಎಂದರು.

"ಬರಲಿ" ಎಂದೆ ನಾನು.

"ಬರಲಿ" ಎಂದರು ದೊಡ್ಡಮ್ಮ.

ಬಹುಮತವಾಯಿತು. ನಾನು ಅತ್ತೆಗೆ ಹೇಳಲು ಫೋನ್ ಎತ್ತಿಕೊಂಡೆ.

"ತಾಳಮ್ಮ, ನಂದು ಇನ್ನೂ ಬಾಕಿ ಇದೆ" ಎಂದರು ದೊಡ್ಡಪ್ಪ.

ನನಗೆ ಸಿಟ್ಟು ಬಂತು. ಸೋತ ಮೇಲೂ ಬೇಡ ಅಂತ ದಾಖಲಿಸುವ ಹಟವೇ?

"ನಂದೂ ಬರಲಿ ಅಂತಾನೇ. ಅವತ್ತೂ ಮನಸ್ಸಲ್ಲಿ ಅದೇ ಇತ್ತು ಕಣಮ್ಮ. ಅಮ್ಮನ ಎದುರಿಗೆ ಬಾಯಿ ಬರಲಿಲ್ಲ, ಹೂಂ ಅಂದ್ಬಿಟ್ಟೆ."

ನಾನು ನಂಬರ್ ಒತ್ತಿ ಸ್ಪೀಕರ್ ಹಾಕಿದೊಡನೆ ಅವರೇ ಫೋನ್ ಇಸಿದುಕೊಂಡರು. "ನಾನು ಕಣೇ, ಅಣ್ಣ. ನನ್ನ ಶಾಂತಿಗೆ ಆರತಿ ಎತ್ತೋಕೆ ಬರ್ತೀಯಾ?" ಎಂದರು.

ಶಾಂತಿಗೆ ಇನ್ನೂ ಹತ್ತು ದಿನವಿತ್ತು.

"ಈಗ್ಲೇ ಬಂದ್ಬಿಡ್ಲಾ ಅಣ್ಣ?" ಎಂದರು ಅತ್ತೆ.

ದೊಡ್ಡಪ್ಪ ಅಳುತ್ತಾ ಫೋನಿಗೆ ಜೋರಾಗಿ ತಲೆಯಾಡಿಸಿದರು. ತಲೆಯಾಡಿಸಿದ್ದು ಹಿನಕಲ್‌ಗೆ ಕಾಣುತ್ತದೆಯೇ? "ಬಾ ಅಂತಿದಾರೆ, ಬನ್ನಿ ಅತ್ತೆ" ಎಂದು ನಾನೇ ಕೂಗಿ ಹೇಳಿದೆ.