ಸರದಾರ ನನ್ನನ್ನು ಗುಡ್ಡಕ್ಕೆ ಕರೆದೊಯ್ದದ್ದು

ಗುಡ್ಡ ಹತ್ತುವುದಕ್ಕೆ ಎರಡು ಕಾಲು ಸಾಕು, ಆ ಎರಡೂ ನನ್ನ ಬಳಿ ಇವೆ ಎಂದು ನಾನು ಬಹಳ ದಿನ ನಂಬಿದ್ದೆ.

ನಾನು ಬನಹಟ್ಟಿಯ ನೇಕಾರ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟಕ್ಕೇ ಏಳುವವನು. ಹೆಂಡತಿ ಗಂಗವ್ವ ನಾಗರ ಪಂಚಮಿಗೆಂದು ಮುಧೋಳದ ಹತ್ತಿರದ ತವರಿಗೆ ಹೋದವಳು ಎರಡು ತಿಂಗಳಾದರೂ ಬಂದಿರಲಿಲ್ಲ. ಕರೆಯಲು ಹೋದಾಗಲೆಲ್ಲ ಮಾವನವರು "ದಿನಾ ಛಲೋ ಇಲ್ಲ" ಎನ್ನುತ್ತಿದ್ದರು. ಮೂರು ಸಲ ಹೋದೆ. ಮೂರೂ ದಿನ ಕೆಟ್ಟವೇ! ಇತ್ತ ನಾನೇ ರೊಟ್ಟಿ ಬಡಿದು, ನಾನೇ ತಿಂದು ಸೊರಗಿದ್ದೆ. ಅವಳಿಲ್ಲದೆ ಮನೆಯಲ್ಲಿ ಮನಸ್ಸೂ ನಿಲ್ಲುತ್ತಿರಲಿಲ್ಲ. ಇದನ್ನು ಮಾವನವರ ಎದುರು ಹೇಳುವಂತಿರಲಿಲ್ಲ.

ಮಾವನವರು ಮುಧೋಳ ಸಂಸ್ಥಾನದ ಕಾಲದಲ್ಲಿ ಅರಮನೆಯ ಬೇಟೆನಾಯಿ ಸಾಕಿದವರು. ಊರು ಮುಂಬೈ ಸರಕಾರಕ್ಕೆ ಸೇರಿದ ಮೇಲೆ ಬೇಟೆ ನಿಂತಿತ್ತು. ಅವರ ಮೀಸೆ ಮತ್ತು ಸರದಾರನೆಂಬ ನಾಯಿ ಮಾತ್ರ ಉಳಿದಿದ್ದವು. ನಾಲ್ಕನೆಯ ಸಲ ಹೋದಾಗ ಅವರು ನನ್ನ ಕಾಲುಗಳನ್ನೇ ದಿಟ್ಟಿಸಿದರು.

"ಅಳ್ಯಾರ, ಹಗಲೆಲ್ಲಾ ಕುಣ್ಯಾಗ ಕುಂದ್ರತೀರಿ. ಕಾಲಾಗ ಕಸುವು ಐತೇನ್ರಿ? ನಾಳಿ ಏನರ ಆದ್ರ ನನ್ನ ಮಗಳ್ನ ಹೆಂಗ ಕಾಯ್ತೀರಿ?"

"ಏನಂತ ಕೇಳ್ತೀರಿ ಮಾವಾರ! ಆ ಎದುರಿನ ಗುಡ್ಡಾ ಚಾ ಆರೂದ್ರಾಗ ಹತ್ತಿ ಬರ್ತೇನ್ರಿ."

"ಹಂಗಾರ ಸರದಾರನ್ನ ಕರ್ಕೊಂಡು ತುದೀ ತನಕಾ ಹೋಗಿ ಬರ್ರಿ. ಹೊತ್ತು ಮುಳುಗೂದ್ರಾಗ ನಾಯಿ ನಿಮ್ಮ ಕೂಡ ಮನಿಗೆ ಬರಬೇಕು. ಬಂದ್ರ ನಾಳೆನ ಛಲೋ ದಿನಾ."

ಗಂಗವ್ವ ಬುತ್ತಿ ಕಟ್ಟಿಕೊಡುತ್ತ ಪಿಸುಗುಟ್ಟಿದಳು: "ಈ ಸಲ ಸೋತ್ರ ನಾ ದೀಪಾವಳಿ ತನಕಾ ಇಲ್ಲೇ ನೋಡ್ರಿ. ನಾಯಿ ಹಗ್ಗಾ ಕೈಯಾಗ ಹಿಡೀರಿ. ಮೈಗೆ ಕಟ್ಕೋಬ್ಯಾಡ್ರಿ."

ಹೆಂಡತಿಯ ಮಾತನ್ನು ಗೌರವದಿಂದ ಕೇಳಿದ ನಾನು, ಊರ ಅಗಸೆ ಬಾಗಿಲು ದಾಟಿದ ಕೂಡಲೇ ಹಗ್ಗವನ್ನು ನಡುವಿಗೆ ಕಟ್ಟಿಕೊಂಡೆ. ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ನೀರಿನ ತಂಬಿಗೆ. ಮೂರನೆಯ ಕೈಯನ್ನು ದೇವರು ಕೊಟ್ಟಿರಲಿಲ್ಲ. ಹಾಕಿದ್ದು ಅಂತಿಂಥ ಗಂಟಲ್ಲ, ನೇಕಾರನ ಗಂಟು! ಹರಿದ ಎಳೆಗೆ ನಾವು ಹಾಕುವ ಗಂಟು, ಸೀರೆ ಹಳತಾಗಿ ಚಿಂದಿಯಾದರೂ ಬಿಚ್ಚಿಕೊಳ್ಳುವುದಿಲ್ಲ. ಜಗ್ಗಿದಷ್ಟೂ ಬಿಗಿಯುತ್ತದೆ.

ಅರ್ಧ ಗುಡ್ಡದವರೆಗೆ ಪ್ರವಾಸ ಸುಖಕರವಾಗಿತ್ತು. ಸರದಾರ ತಪಾಸಣೆಗೆ ಬಂದ ಮಾಮಲೇದಾರರಂತೆ ಗಂಭೀರವಾಗಿ ನಡೆಯುತ್ತಿದ್ದ. ನಾನು ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದೆ. ಆಗ ಅವನ ಕಿವಿಗಳು ನೆಟ್ಟಗಾದವು. ಮುಧೋಳದ ನಾಯಿ ಮೂಸುತ್ತ ಅಲೆಯುವ ಜಾತಿಯಲ್ಲ, ಕಣ್ಣಿಂದಲೇ ಬೇಟೆ ಹಿಡಿಯುವಂಥದು. ಅವನಿಗೆ ಕಂಡದ್ದು ನನಗೆ ಕಾಣಲಿಲ್ಲ. ಕಾಣುವಷ್ಟರಲ್ಲಿ ನಾನು ಹೊರಟಾಗಿತ್ತು!

ಮೊಲ ಮೇಲಕ್ಕೆ ಓಡಿತು. ಅದರ ಹಿಂದೆ ಸರದಾರ. ಅವನ ಹಿಂದೆ, ಹಗ್ಗದಷ್ಟೇ ಅಂತರ ಕಾಯ್ದುಕೊಂಡು, ನಾನು. ರೊಟ್ಟಿ ಒಂದು ಕಡೆ, ತಂಬಿಗೆ ಒಂದು ಕಡೆ, ರುಮಾಲು ಜಾಲಿಗಿಡಕ್ಕೆ. ಹೀಗೆ ನಾನು ಗುಡ್ಡದ ತುದಿಯನ್ನು ತಲುಪಿದೆ; ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅಲ್ಲಿ ನಿಂತು ಸುತ್ತ ನೋಡಲು ಸಮಯವಿರಲಿಲ್ಲ, ಏಕೆಂದರೆ ಮೊಲ ಆಚೆ ಬದಿಗೆ ಇಳಿಯತೊಡಗಿತ್ತು. ಇಳಿಯುವಾಗ ಕಾಲಿಗಿಂತ ಬೆನ್ನು ಹೆಚ್ಚು ಉಪಯೋಗಕ್ಕೆ ಬಂತು. ಗಂಟು ಬಿಚ್ಚಲು ನೋಡಿದೆ. ಉಗುರು ಕಿತ್ತುಬಂತು, ಗಂಟು ಮಿಸುಕಲಿಲ್ಲ. ನನ್ನ ಕೈಗುಣದ ಬಗ್ಗೆ ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ಮೊಲ ಡಬಗಳ್ಳಿಯ ಮುಳ್ಳುಮೆಳೆಯಲ್ಲಿ ಮಾಯವಾಯಿತು. ಸರದಾರ ನಿಂತು, ಹಿಂದಿರುಗಿ, ತಪ್ಪೆಲ್ಲ ನನ್ನದೇ ಎಂಬಂತೆ ನೋಡಿದ. ಆಮೇಲೆ ನನ್ನನ್ನು ಕೇಳದೆ ಮನೆಯ ದಾರಿ ಹಿಡಿದ.

ಅಗಸೆಯಲ್ಲಿ ಆಡು ಕಾಯುವ ಮುದುಕನೊಬ್ಬ ಕೇಳಿದ: "ಯಾರು ಯಾರ್ನ ಕಟ್ಕೊಂಡು ಹೊಂಟೀರಪಾ?"

ಸರದಾರ ನಿಲ್ಲದೆ ಹಗ್ಗ ಜಗ್ಗಿದ. ನಾನೂ ಅವನ ಹಿಂದೆ ನಡೆದೆ.

ಮನೆ ಮುಟ್ಟಿದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಕರಾರಿನ ಪ್ರಕಾರ ನಾನು ಗೆದ್ದಿದ್ದೆ! ಆದರೆ ಗಂಟು ಬಿಚ್ಚಲು ಮಾವನವರಿಂದಲೂ ಆಗಲಿಲ್ಲ. ಅತ್ತೆ ಕುಡಗೋಲು ತಂದರು.

"ಹಗ್ಗಕ್ಕ ಕೈ ಹಚ್ಚಬ್ಯಾಡ!" ಮಾವ ಗುಡುಗಿದರು. "ಸಂಸ್ಥಾನದ ಕಾಲದ್ದು ಅದು!"

"ಹಂಗಾರ ಅಳ್ಯಾರನ್ನ ಕೊಯ್ಲೇನ್ರಿ?" ಎಂದರು ಅತ್ತೆ.

ಮಾವ ಸ್ವಲ್ಪ ಹೊತ್ತು ವಿಚಾರ ಮಾಡಿದರು. ಆ ಸ್ವಲ್ಪ ಹೊತ್ತು ನನ್ನ ಮನಸ್ಸಿಗೆ ಬಹಳ ನೋವು ಕೊಟ್ಟಿತು.

ಕೊನೆಗೆ ಗಂಗವ್ವ ದಬ್ಬಣ ಹಿಡಿದು ಪಕ್ಕದಲ್ಲಿ ಕೂತು ಗಂಟು ಬಿಡಿಸಿದಳು. ಅವಳ ಕಣ್ಣಲ್ಲಿ ನೀರಿತ್ತು, ಭುಜ ಕುಲುಕುತ್ತಿತ್ತು. ಅದು ಮರುಕವೆಂದೇ ನಾನು ಇಂದಿಗೂ ನಂಬಿದ್ದೇನೆ.

"ಗಂಗಾ, ನಾಳೆನ ಹೊಂಡವ್ವಾ," ಎಂದರು ಮಾವ. "ಇವರನ್ನ ಒಬ್ಬರನ್ನ ಬಿಟ್ಟು ಇಷ್ಟು ದಿನಾ ನಿನ್ನ ಇಟ್ಕೊಂಡದ್ದು ನಂದ ತಪ್ಪಾತು."

ಮರುದಿನ ಬಸ್ಸಿನ ಬಳಿ, ಹೆಣ್ಣು ಕೊಟ್ಟ ತಂದೆ ಅಳಿಯನಿಗೆ ಹೇಳುವ ಮಾತಿಗಾಗಿ ನಾನು ಎದೆಯುಬ್ಬಿಸಿ ನಿಂತೆ. ಮಾವನವರ ಕಣ್ಣು ತುಂಬಿತ್ತು. ನನ್ನ ಕೈ ಹಿಡಿದರು. ಹಿಡಿದು, ಅದನ್ನು ಮಗಳ ಕೈಯಲ್ಲಿಟ್ಟರು.

"ಛಂದಾಗಿ ನೋಡ್ಕೋ ಯವ್ವಾ. ಇನ್ನ ಮ್ಯಾಲೆ ಇವರ ಜವಾಬ್ದಾರಿ ನಿಂದು."

ಗಂಗವ್ವ ತಲೆಯಾಡಿಸಿ, ಮೊದಲು ನನ್ನನ್ನು ಬಸ್ಸು ಹತ್ತಿಸಿದಳು.