ಚುಕ್ಕಿ ಕೋಳಿಯ ಪಂಚವಾರ್ಷಿಕ ಯೋಜನೆ

ಸಿದ್ದಾಪುರದಲ್ಲಿ ದರ್ಜಿಗಳು ಬೇಕಾದಷ್ಟಿದ್ದಾರೆ. ಆದರೆ ಕೋಳಿಗಳಿಗಾಗಿ ಪಂಚವಾರ್ಷಿಕ ಯೋಜನೆ ಹಾಕಿದ ದರ್ಜಿ ನಾನೊಬ್ಬನೇ! ಅದೂ ರವಿಕೆ ಅಳತೆ ಬರೆಯುವ ಪುಸ್ತಕದಲ್ಲಿ.

ನಮ್ಮ ಹಿತ್ತಲಲ್ಲಿರುವುದು ಒಂಬತ್ತು ಹೇಂಟೆ, ಮೂರು ಹುಂಜ. ಎಲ್ಲವೂ ಅಮ್ಮ ಸಾಕಿದ ಚುಕ್ಕಿ ಕೋಳಿಯ ಸಂತಾನ. ಅಮ್ಮ ಹೋದಮೇಲೆ ಅವಳ ಕೈಯದು ಎಂದು ನನಗೆ ಉಳಿದದ್ದು ಇದೊಂದೇ. ಈಚೆಗೆ ಕಾವಿಗಿಟ್ಟ ಹತ್ತು ಮೊಟ್ಟೆಯಲ್ಲಿ ನಾಲ್ಕು ಮರಿ ಆಗುವುದೂ ಕಷ್ಟವಾಗಿತ್ತು. ಒಂದೇ ರಕ್ತ ಬೆರೆತರೆ ಹೀಗೇ ಆಗುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಒಬ್ಬರು ಹೇಳಿದರು. ಅಮ್ಮನ ತಳಿ ನನ್ನ ಕೈಯಲ್ಲಿ ಮುಗಿಯಬಾರದು ಎಂದು ಪಣ ತೊಟ್ಟೆ.

ಯೋಜನೆ ಬಹಳ ಸರಳ. ಕೋಳಿಗಳನ್ನು ಕೆಂಪು, ಹಳದಿ, ನೀಲಿ ಎಂದು ಮೂರು ಮನೆತನ ಮಾಡುವುದು. ವರ್ಷಕ್ಕೊಮ್ಮೆ ಒಂದು ಮನೆತನದ ಹುಂಜ ಮುಂದಿನ ಮನೆತನಕ್ಕೆ ಅಳಿಯನಾಗಿ ಹೋಗುವುದು. ದಾರಕ್ಕೆ ನನ್ನಲ್ಲಿ ಬರವೇ? ಒಂದು ಭಾನುವಾರ ಹನ್ನೆರಡು ಕೋಳಿಯ ಕಾಲಿಗೂ ದಾರ ಕಟ್ಟಿದೆ. ಮೂರು ಗೂಡು ಮಾಡಿ, ಸಂಜೆ ಬಣ್ಣ ನೋಡಿ ನೋಡಿ ಒಳಗೆ ತಳ್ಳಿ ಬಾಗಿಲು ಹಾಕಿದೆ. ಬೆಳಿಗ್ಗೆ ಬಿಟ್ಟೆ. ಹೀಗೆ ನಾಲ್ಕು ತಿಂಗಳು ಒಂದು ದಿನವೂ ತಪ್ಪದೆ ನಡೆಯಿತು.

ಒಂದು ದಿನ ಹೆಂಡತಿ ಶಾರದೆ ಅಕ್ಕಿ ಆರಿಸುತ್ತ ಕೇಳಿದಳು. "ಅಲ್ರೀ, ರಾತ್ರೆ ಬೇರೆ ಬೇರೆ ಮಲಗಿಸ್ತೀರಿ. ಹಗಲಿಗೆ ಎಲ್ಲಾ ಒಟ್ಟಿಗೇ ಬಿಡ್ತೀರಲ್ಲ?"

"ಬಿಡದಿದ್ರೆ ಮೇಯೂದು ಹೆಂಗೆ?"

"ಕೋಳಿ ಸಂಸಾರ ಮಾಡೂದೇ ಹಗಲಿಗೆ ಮಾರಾಯ್ರೆ."

ಅಂಗಳದತ್ತ ನೋಡಿದೆ. ಕೆಂಪು ದಾರದ ಹುಂಜ ಹಳದಿ ದಾರದ ಹೇಂಟೆಯ ಹಿಂದೆ ಓಡುತ್ತಿತ್ತು. ಯೋಜನೆಯ ಪ್ರಕಾರ ಅದು ಮುಂದಿನ ವರ್ಷದ ಕಾರ್ಯಕ್ರಮ.

ಹಾಗಾದರೆ ಅಷ್ಟರಲ್ಲಿ ಹುಟ್ಟಿದ್ದ ಮರಿಗಳು ಯಾವ ಮನೆತನದವು? ತಾಯಿಯ ಕಡೆಯಿಂದಲೂ ಗೊತ್ತಾಗುವಂತಿರಲಿಲ್ಲ. ಶಾರದೆ ಮೂರೂ ಗೂಡಿನ ಮೊಟ್ಟೆಗಳನ್ನು ಒಂದೇ ಹೇಂಟೆಯ ಕಾವಿಗೆ ಇಟ್ಟಿದ್ದಳು. ಯಾರಿಗೂ ಅನ್ಯಾಯ ಆಗದಿರಲೆಂದು ಮರಿಗಳಿಗೆ ಮೂರೂ ಬಣ್ಣದ ದಾರ ಕಟ್ಟಿದೆ. ವಾರದಲ್ಲಿ ಕಾಲು ಬಲಿತು ದಾರ ಬಿಗಿಯಿತು. ಅವಳು ನನ್ನದೇ ಕತ್ತರಿ ತಂದು ಎಲ್ಲವನ್ನೂ ಕತ್ತರಿಸಿ ಹಾಕಿದಳು. ಆಮೇಲೆ ಅವುಗಳಲ್ಲಿ ಯಾರು ಅತ್ತಿಗೆ, ಯಾರು ನಾದಿನಿ ಎಂಬುದು ನನಗೆ ಇವತ್ತಿಗೂ ತಿಳಿಯದು.

ಇನ್ನು ಹೊರಗಿನ ರಕ್ತವೇ ಗತಿ. ಮಂಚಿಕೇರಿಯ ಒಂದು ಮನೆಯಲ್ಲಿ ಒಳ್ಳೆ ಹುಂಜವಿದೆ ಎಂದು ಅಂಗಡಿಗೆ ಬಂದ ಗಿರಾಕಿಯೊಬ್ಬರು ಹೇಳಿದರು. ಬಟ್ಟೆ ತರಲು ಹೋಗುತ್ತೇನೆ ಎಂದು ಶಾರದೆಗೆ ಸುಳ್ಳು ಹೇಳಿ, ಶಿರಸಿಯಲ್ಲಿ ಬಸ್ಸು ಬದಲಿಸಿ ಹೋದೆ. ಎರಡು ರವಿಕೆ ಹೊಲಿದುಕೊಡುತ್ತೇನೆಂದು ಆ ಮನೆಯಾಕೆಗೆ ಮಾತು ಕೊಟ್ಟು, ಹುಂಜವನ್ನು ಚೀಲದಲ್ಲಿ ಕೂರಿಸಿ ತಂದೆ. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಅದು ಎರಡು ಸಲ ಕೂಗಿತು. ನಾನು ಎರಡು ಸಲ ಕೆಮ್ಮಿದೆ.

"ಇದಕ್ಕೂ ನಮ್ಮ ಕೋಳಿಗಳಿಗೂ ಯಾವ ಜನ್ಮದ ಸಂಬಂಧವೂ ಇಲ್ಲ," ಎಂದು ಅಂಗಳದಲ್ಲಿ ಬಿಟ್ಟೆ. ಶಾರದೆ ಅದರ ಎದೆಯ ಚುಕ್ಕಿಗಳನ್ನೇ ನೋಡಿ, ಯಾರ ಮನೆಯದೆಂದು ಕೇಳಿದಳು. ಹೇಳಿದೆ.

"ಅದು ನನ್ನ ತಂಗಿ ನಾದಿನಿ ಮನೆ! ತಂಗಿ ಮದುವೇಲಿ ನಿಮ್ಗೆ ಪಾಯಸ ಬಡಿಸಿದ್ಲು, ಗುರ್ತ ಸಿಗ್ಲಿಲ್ಲನಾ? ನಮ್ಮ ಹೇಂಟೆ ಒಂದನ್ನ ಶಿರಸೀಲಿರೋ ತಂಗಿಗೆ ಪಾಲಿಗೆ ಕೊಟ್ಟಿದ್ದೆ, ಹುಟ್ಟಿದ ಮರೀಲಿ ಅರ್ಧ ಅವ್ಳಿಗೆ, ಅರ್ಧ ನಮ್ಗೆ ಅಂತ. ಅವ್ಳು ಒಂದು ಮರೀನ ನಾದಿನಿಗೆ ಪಾಲಿಗೆ ಕೊಟ್ಲು. ಇದು ನಮ್ಮ ಪಾಲಿನ ಹುಂಜವೇ ಸೈ."

ನಾನು ಮೆಟ್ಟಿಲ ಮೇಲೆ ಕೂತೆ.

"ಅತ್ತೆನೂ ಹಂಗೇ ಮಾಡ್ತಿದ್ರು. ನಾಲ್ಕು ಮನೇಲಿ ಬೆಳೀತಿದ್ರೆ ತಳಿ ಹೋಗೂದಿಲ್ಲ ಅಂತಿದ್ರು," ಎಂದಳು.

ಅಮ್ಮನ ಕೋಳಿ ಮೂರು ತಾಲೂಕಿನಲ್ಲಿ ಸುಖವಾಗಿತ್ತು. ನನಗೆ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ಆದರೂ ಮರ್ಯಾದೆ ಉಳಿಸಿಕೊಳ್ಳಬೇಕಲ್ಲ! "ಏನೇ ಹೇಳು, ಸಂಬಂಧದಲ್ಲಿ ಸಂಬಂಧ ಬೆಳೆಸ್ಬಾರ್ದು. ವಿಜ್ಞಾನ," ಎಂದೆ.

"ನಾನು ನಿಮ್ಮ ಸೋದರಮಾವನ ಮಗಳು," ಎಂದಳು ಶಾರದೆ. "ನಿಮ್ಮ ಕಾಲಿಗೆ ಯಾವ ಬಣ್ಣದ ದಾರ ಕಟ್ಟೂದು?"

ಬಗ್ಗಿ ನೋಡಿದೆ. ಬೆಳಿಗ್ಗೆ ಹೊಲಿಗೆ ಮಶೀನಿನ ಅಡಿಯಿಂದ ಅಂಟಿಕೊಂಡು ಬಂದ ನೀಲಿ ದಾರವೊಂದು ಕಾಲಿನ ಹೆಬ್ಬೆರಳಿಗೆ ಆಗಲೇ ಸುತ್ತಿಕೊಂಡಿತ್ತು.